ಅಮೆರಿಕದ 2010ರ ಹೈರ್ ಕಾಯ್ದೆ: ಎರಡೂ ಪಕ್ಷ ಒಪ್ಪಿದ್ದು ಹೇಗೆ, ದುಡ್ಡು ಬಂದದ್ದು ಎಲ್ಲಿಂದ?

ಕಾಯ್ದೆಕಟ್ಟಳೆ

ವೀಸಾ ಎಳೆಯಲ್ಲಿ ಈ ಮಾತು ಉದ್ದವಾಗುತ್ತಿತ್ತು, ಅದಕ್ಕೇ ಬೇರೆ ಎಳೆ ತೆಗೆದಿದ್ದೇನೆ. ಪ್ರಶ್ನೆ ಇಷ್ಟು. ಉದ್ಯೋಗ ಸೃಷ್ಟಿಗೆ ಎರಡೂ ಪಕ್ಷದವರು ಒಂದಾಗಬೇಕು ಎಂದು ಅಮೆರಿಕದ ಅಧ್ಯಕ್ಷರು ವರ್ಷವರ್ಷವೂ ಭಾಷಣ ಮಾಡುತ್ತಾರಲ್ಲ, ನಿಜಕ್ಕೂ ಒಂದಾದಾಗ ಆಗುವುದೇನು? ಮಾತಿಗೆ 2010ರ ಹೈರ್ ಕಾಯ್ದೆಯನ್ನೇ ಹಿಡಿಯೋಣ, ಕೆಲಸವಿಲ್ಲದವರನ್ನು ನೇಮಿಸಿಕೊಂಡ ಮಾಲೀಕರಿಗೆ ತೆರಿಗೆ ರಿಯಾಯಿತಿ ಕೊಟ್ಟದ್ದು. ಚಿಕ್ಕ ಕಾಯ್ದೆ, ಮಾತುಕತೆಯಿಂದ ಸಹಿಯವರೆಗೆ ಐದಾರು ವಾರ ಅಷ್ಟೇ, ಮತಗಳ ಲೆಕ್ಕವೆಲ್ಲ ಬಹಿರಂಗ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ 10 ಮುಟ್ಟಿತ್ತು. ಅದೇ ವರ್ಷ ಫೆಬ್ರವರಿ 17ರಂದು ಒಬಾಮಾ ಸಹಿ ಹಾಕಿದ 787 ಬಿಲಿಯನ್ ಡಾಲರ್‌ಗಳ ಚೇತರಿಕೆ ಕಾಯ್ದೆಗೆ ಪ್ರತಿನಿಧಿ ಸಭೆಯಲ್ಲಿ ಒಬ್ಬ ರಿಪಬ್ಲಿಕನ್ನೂ ಮತ ಹಾಕಿರಲಿಲ್ಲ, ಸೆನೆಟ್‌ನಲ್ಲಿ ಮೂವರು ಹಾಕಿದ್ದರು. 2010ರ ಜನವರಿ 19ರಂದು ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಸೆನೆಟ್ ಸ್ಥಾನ ಗೆದ್ದ ಮೇಲೆ ಡೆಮಾಕ್ರಟರ ಕೈಯಲ್ಲಿದ್ದ 60 ಸೆನೆಟ್ ಸ್ಥಾನ 59ಕ್ಕೆ ಇಳಿಯಿತು. ಜನವರಿ 27ರ ವಾರ್ಷಿಕ ಭಾಷಣದಲ್ಲಿ ಒಬಾಮಾ ಉದ್ಯೋಗ ಮಸೂದೆ ಕೇಳಿದರು, ಫೆಬ್ರವರಿ 9ರಂದು ಎರಡೂ ಪಕ್ಷಗಳ ನಾಯಕರನ್ನು ಶ್ವೇತಭವನಕ್ಕೆ ಕರೆಸಿ ಕೂತರು. ಮುಂದಿನ ಕಥೆ ಗೊತ್ತಿರುವವರು ಹೇಳಿ.

ಗ್ಯಾಲರಿಯಿಂದ

ಎರಡು ದಿನ ಕಳೆದು, ಫೆಬ್ರವರಿ 11ರಂದು, ಸೆನೆಟ್ ಹಣಕಾಸು ಸಮಿತಿಯ ಮ್ಯಾಕ್ಸ್ ಬಾಕಸ್ (ಡೆಮಾಕ್ರಟ್) ಮತ್ತು ಚಕ್ ಗ್ರಾಸ್ಲಿ (ರಿಪಬ್ಲಿಕನ್) ಸುಮಾರು 85 ಬಿಲಿಯನ್, ಅಂದರೆ 8,500 ಕೋಟಿ ಡಾಲರ್‌ಗಳ ಜಂಟಿ ಕರಡು ಹೊರತಂದರು. ಅವತ್ತೇ ಬಹುಮತದ ನಾಯಕ ಹ್ಯಾರಿ ರೀಡ್ ಅದನ್ನು ಪಕ್ಕಕ್ಕಿಟ್ಟು ಸುಮಾರು 15 ಬಿಲಿಯನ್‌ಗೆ ಕತ್ತರಿಸಿದರು. ಪತ್ರಿಕೆಗಳು ಇದನ್ನು ಸೌಹಾರ್ದದ ಕೊಲೆ ಎಂಬಂತೆ ಬರೆದವು. ಕತ್ತರಿಸಿದ್ದೇನು ಎಂದು ನೋಡಿದರೆ ಚಿತ್ರ ಬೇರೆಯೇ. ಅವಧಿ ಮುಗಿದ ಹತ್ತಾರು ತೆರಿಗೆ ರಿಯಾಯಿತಿಗಳ ನವೀಕರಣ, ನಿರುದ್ಯೋಗ ಭತ್ಯೆಯ ವಿಸ್ತರಣೆ, ಮೆಡಿಕೇರ್ (ವೃದ್ಧರ ಸರ್ಕಾರಿ ಆರೋಗ್ಯ ವಿಮೆ) ವೈದ್ಯರ ಶುಲ್ಕದ ತೇಪೆ, ಇವೆಲ್ಲ ಹೊರಗೆ ಹೋದವು. ಉಳಿದದ್ದು ನಾಲ್ಕು:

ಹೊಸ ನೇಮಕಕ್ಕೆ ಸೋಷಿಯಲ್ ಸೆಕ್ಯುರಿಟಿ, ಅಂದರೆ ಪಿಂಚಣಿ ನಿಧಿಯ ತೆರಿಗೆ ವಿನಾಯಿತಿ (ಇದು ಡೆಮಾಕ್ರಟ್ ಚಕ್ ಶೂಮರ್ ಮತ್ತು ರಿಪಬ್ಲಿಕನ್ ಆರಿನ್ ಹ್ಯಾಚ್ ಇಬ್ಬರ ಕೂಸು), ಸಣ್ಣ ಉದ್ದಿಮೆ ಯಂತ್ರ ಕೊಂಡರೆ 2,50,000 ಡಾಲರ್‌ವರೆಗೆ ಅದೇ ವರ್ಷ ಖರ್ಚು ಬರೆಯುವ ಅವಕಾಶ, ಸ್ಥಳೀಯ ಸರ್ಕಾರಗಳ ಬಿಲ್ಡ್ ಅಮೆರಿಕ ಬಾಂಡ್‌ಗಳಿಗೆ ಬಡ್ಡಿ ನೆರವು, ಹೆದ್ದಾರಿ ನಿಧಿಯ ವಿಸ್ತರಣೆ.

ನಾಲ್ಕರಲ್ಲಿ ಒಂದಕ್ಕೂ ಒಂದು ಪಕ್ಷದ ಮುದ್ರೆ ಇಲ್ಲ, ಗಮನಿಸಿ. ಒಪ್ಪಂದ ಎಂದರೆ ಇವರು ಅರ್ಧ ಅವರು ಅರ್ಧ ಬಿಟ್ಟುಕೊಡುವುದು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಯಾರೂ ಏನೂ ಬಿಟ್ಟುಕೊಡಲಿಲ್ಲ. ಜಗಳವಿಲ್ಲದ ತುಂಡುಗಳನ್ನಷ್ಟೇ ಹೆಕ್ಕಿ ಇಟ್ಟರು.

ವಿಧಾನದ ಕಡೆ ಬಂದರೆ, ಆದಾಯ ಸಂಬಂಧಿ ಮಸೂದೆ ಹುಟ್ಟಬೇಕಾದದ್ದು ಪ್ರತಿನಿಧಿ ಸಭೆಯಲ್ಲಿ ಎಂದು ಸಂವಿಧಾನ ಹೇಳುತ್ತದೆ. ಅದಕ್ಕೆ ಸೆನೆಟ್ ಮಾಡುವ ಕೆಲಸ ಸರಳ. ಕೆಳಮನೆಯಿಂದ ಬಂದು ಕೆಲಸವಿಲ್ಲದೆ ಬಿದ್ದಿರುವ ಮಸೂದೆಯೊಂದನ್ನು ಎತ್ತಿಕೊಂಡು, ಒಳಗಿನದನ್ನೆಲ್ಲ ಅಳಿಸಿ ತನ್ನ ಪಠ್ಯ ತುಂಬುವುದು. ಎಚ್.ಆರ್. 2847 ಮೂಲದಲ್ಲಿ ವಾಣಿಜ್ಯ, ನ್ಯಾಯ, ವಿಜ್ಞಾನ ಇಲಾಖೆಗಳ ಬಜೆಟ್ ಮಸೂದೆ. ಆ ಖರ್ಚುಗಳು ಬೇರೆ ಮಸೂದೆಯಲ್ಲಿ ಪಾಸಾಗಿದ್ದರಿಂದ ಇದು ಖಾಲಿ ಗಾಡಿಯಾಗಿ ನಿಂತಿತ್ತು. ಕಾಂಗ್ರೆಸ್ ದಾಖಲೆಯಲ್ಲಿ ಹುಡುಕಿ ಹೆಸರು ನೋಡಿ ಗಾಬರಿ ಬೀಳಬೇಡಿ, ಅದೇ ಇದು.

ಆಮೇಲೆ ರೀಡ್ ತಿದ್ದುಪಡಿಗಳಿಗೆ ಇರುವ ಎಲ್ಲ ಜಾಗವನ್ನೂ ತಮ್ಮದೇ ತಿದ್ದುಪಡಿಗಳಿಂದ ತುಂಬಿದರು, ಬೇರೆಯವರಿಗೆ ತೂರಲು ಸಂದಿ ಇಲ್ಲ. ನಂತರ ಕ್ಲೋಚರ್, ಅಂದರೆ ಚರ್ಚೆ ಮುಗಿಸುವ ನಿರ್ಣಯ: 16 ಸೆನೆಟರುಗಳ ಸಹಿ, ನಡುವೆ ಒಂದು ದಿನ ಬಿಟ್ಟು ಮತ, 60 ಬಂದರೆ ಆ ಮೇಲೆ ಗರಿಷ್ಠ 30 ಗಂಟೆ ಚರ್ಚೆ. ಫೆಬ್ರವರಿ 22ರಂದು 62–30. ದಾಟಿ ಬಂದ ರಿಪಬ್ಲಿಕನ್ನರು ಐವರು: ಬ್ರೌನ್, ಕಾಲಿನ್ಸ್, ಸ್ನೋ, ವೊಯ್ನೋವಿಚ್, ಬಾಂಡ್. ಎರಡು ದಿನಕ್ಕೆ ಅಂತಿಮ ಮತ 70–28, ರಿಪಬ್ಲಿಕನ್ನರು 13! ಮಸೂದೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹೇಗಿದ್ದರೂ ಪಾಸಾಗುತ್ತದೆ ಎಂದು ಖಾತ್ರಿಯಾದ ಮೇಲೆ ಊರಿಗೆ ಹೋಗಿ ಹೇಳಿಕೊಳ್ಳಲು ಒಂದು ಹೌದು ಬೇಕಲ್ಲ. ಅಮೆರಿಕದ ಉಭಯಪಕ್ಷೀಯ ಒಪ್ಪಿಗೆಯನ್ನು ಅಂತಿಮ ಮತದಿಂದ ಅಳೆಯಬೇಡಿ, ಕ್ಲೋಚರ್ ಮತದಿಂದ ಅಳೆಯಿರಿ.

ಪೇಡೆ_ನಗರ

ಒಂದ್ ಮಾತು ತಿಳೀಲಿಲ್ರಿ. 59 ಮಂದಿ ಇದ್ರೂ ಸಾಲೂದಿಲ್ಲಾ ಅಂದ್ರ ಹ್ಯಾಂಗ? ನಮ್ಮ ಲೋಕಸಭಾದಾಗ 272 ಇದ್ರ ಮುಗೀತು.

ಕಾಯ್ದೆಕಟ್ಟಳೆ

ಸರ್, ಬಹುಮತ 51ಕ್ಕೇ ಸಿಗುತ್ತೆ. ಆದರೆ ಮತಕ್ಕೆ ಹಾಕಬೇಕಾದರೆ ಮೊದಲು ಚರ್ಚೆ ಮುಗಿಯಬೇಕು, ಚರ್ಚೆ ಮುಗಿಸಲು 100ರಲ್ಲಿ 60 ಬೇಕು. ಅದು ಸಂವಿಧಾನದ್ದಲ್ಲ, ಸೆನೆಟ್‌ನ 22ನೇ ನಿಯಮ. ಇನ್ನೊಂದು ವ್ಯತ್ಯಾಸ ದೊಡ್ಡದು. ನಮ್ಮಲ್ಲಿ 1985ರ 52ನೇ ತಿದ್ದುಪಡಿಯಿಂದ ಹತ್ತನೇ ಶೆಡ್ಯೂಲ್ ಬಂತು, ವಿಪ್ ಮೀರಿ ಮತ ಹಾಕಿದ ಸದಸ್ಯ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ನಮ್ಮಲ್ಲಿ ಒಪ್ಪಂದ ಆದರೆ ಪಕ್ಷ ಪಕ್ಷದ ನಡುವೆ ಆಗಬೇಕು. ಅಲ್ಲಿ ಪಕ್ಷ ಬೇಡ ಎಂದರೂ ಸ್ನೋ ಅವರಂಥವರು ಒಬ್ಬೊಬ್ಬರೇ ದಾಟಿ ಬರಬಹುದು, ಸ್ಥಾನಕ್ಕೆ ಧಕ್ಕೆ ಇಲ್ಲ. ಅಧ್ಯಕ್ಷರು ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂರುವುದು ಅದಕ್ಕೇ.

ಗ್ಯಾಲರಿಯಿಂದ

ಮುಂದುವರಿಸುತ್ತೇನೆ. ಪ್ರತಿನಿಧಿ ಸಭೆಯಲ್ಲಿ ತಕರಾರು ಬಂದದ್ದು ಡೆಮಾಕ್ರಟರ ಒಳಗಿನಿಂದಲೇ. ಕೆಲವರಿಗೆ ಇದು ಬೆಟ್ಟ ಅಗೆದು ಇಲಿ ಹಿಡಿದಂತೆ ಕಂಡಿತು, ಖರ್ಚಿಗೆ ಪೂರ್ತಿ ಹಣದ ಮೂಲ ತೋರಿಸಿಲ್ಲ ಎಂದು ಇನ್ನು ಕೆಲವರು ಪಟ್ಟು ಹಿಡಿದರು. ಫೆಬ್ರವರಿ 12ರಂದಷ್ಟೇ 'ಖರ್ಚು ಮಾಡಿದಷ್ಟು ಬೇರೆ ಕಡೆ ತುಂಬು' ಎಂಬ ಪೇಗೋ ನಿಯಮ ಕಾನೂನಾಗಿತ್ತು. ಹಾಗಾಗಿ ಮಾರ್ಚ್ 4ರಂದು 217–201ರಲ್ಲಿ ಪಾಸಾಗುವಾಗ ಹೊಸ ಆದಾಯಮೂಲ ಸೇರಿತು. ಸೇರಿದ್ದರಿಂದ ಮಸೂದೆ ಮತ್ತೆ ಸೆನೆಟ್‌ಗೆ. ಮಾರ್ಚ್ 17ರಂದು 68–29, 18ರಂದು ಅಧ್ಯಕ್ಷರ ಸಹಿ. ಜಂಟಿ ಸಮಿತಿಗೆ ಕಳಿಸದೆ ಎರಡು ಮನೆಗಳ ನಡುವೆ ಹೀಗೆ ಅತ್ತಿಂದಿತ್ತ ಓಡಾಡಿಸಿದ್ದಕ್ಕೆ ಕಾರಣವಿದೆ: ಜಂಟಿ ಸಮಿತಿ ರಚಿಸುವ ನಿರ್ಣಯಗಳನ್ನೂ ಸೆನೆಟ್‌ನಲ್ಲಿ ಎಳೆದಾಡಿ ತಡೆಯಬಹುದಿತ್ತು.

ಪೇರೋಲ್_ಪಟ್ಟಿ

ಮತಗಳ ಲೆಕ್ಕ ಸರಿ, ಈಗ ಸಂಬಳದ ಲೆಕ್ಕಕ್ಕೆ ಬರೋಣ. ಈ ಕಾಯ್ದೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದು ಫಾರಂ ಮೇಲೆ ಹೇಗಿತ್ತು ಎಂದು ನೋಡಿದಂತಿಲ್ಲ.

ಅಮೆರಿಕದಲ್ಲಿ ಸಂಬಳದ ಮೇಲೆ ಸೋಷಿಯಲ್ ಸೆಕ್ಯುರಿಟಿಗೆ ಮಾಲೀಕನದು ಶೇ 6.2, ನೌಕರನದು ಶೇ 6.2. ಮೆಡಿಕೇರ್‌ಗೆ ಇಬ್ಬರದೂ ಶೇ 1.45. ಹೈರ್ ಕಾಯ್ದೆ ಮನ್ನಾ ಮಾಡಿದ್ದು ಮಾಲೀಕನ ಶೇ 6.2 ಮಾತ್ರ. ಉಳಿದ ಮೂರೂ ಕಟ್ಟಲೇಬೇಕಿತ್ತು. ಮೊದಲ ತಪ್ಪು ಆಗುತ್ತಿದ್ದುದೇ ಇಲ್ಲಿ: ಸಾಫ್ಟ್‌ವೇರ್‌ನಲ್ಲಿ ಆ ನೌಕರನಿಗೆ 'ವಿನಾಯಿತಿ' ಎಂದು ಗುರುತು ಹಾಕಿದರೆ ಎರಡೂ ಕಡೆಯ 6.2 ಸೊನ್ನೆಯಾಗಿಬಿಡುತ್ತದೆ, ನೌಕರನ ಪಾಲು ಕಡಿತವಾಗದೆ ಉಳಿದು ವರ್ಷದ ಕೊನೆಗೆ ಮಾಲೀಕನ ತಲೆಗೆ ಬರುತ್ತದೆ.

ಯಾರು ಅರ್ಹರು? 2010ರ ಫೆಬ್ರವರಿ 3ರ ನಂತರ, 2011ರ ಜನವರಿ 1ಕ್ಕೆ ಮೊದಲು ಕೆಲಸಕ್ಕೆ ಸೇರಿದವರು. ಸೇರುವ ದಿನಕ್ಕೆ ಹಿಂದಿನ 60 ದಿನಗಳಲ್ಲಿ ಒಟ್ಟು 40 ಗಂಟೆಗಿಂತ ಹೆಚ್ಚು ಎಲ್ಲೂ ದುಡಿದಿರಬಾರದು. ಆಗಷ್ಟೇ ಓದು ಮುಗಿಸಿದ ವಿದ್ಯಾರ್ಥಿಯೂ ಸರಿ, ಪಾರ್ಟ್ ಟೈಮ್ ಆದರೂ ಸರಿ. ಮಾಲೀಕನ ಹತ್ತಿರದ ಸಂಬಂಧಿಯಾಗಿರಬಾರದು. ಇನ್ನೊಬ್ಬರನ್ನು ಕಿತ್ತುಹಾಕಿ ಅವರ ಜಾಗಕ್ಕೆ ತಂದಿರಬಾರದು. ಹಳಬರು ತಾವಾಗಿ ಬಿಟ್ಟಿದ್ದರೆ ಅಥವಾ ತಪ್ಪಿಗಾಗಿ ತೆಗೆದಿದ್ದರೆ ಅಡ್ಡಿಯಿಲ್ಲ. ತಾನೇ ಲೇ-ಆಫ್ ಮಾಡಿದವರನ್ನು 60 ದಿನ ಕಳೆದ ಮೇಲೆ ಮತ್ತೆ ಕರೆದರೂ ನಡೆಯುತ್ತಿತ್ತು. ಸರ್ಕಾರಿ ಕಚೇರಿಗಳಿಗೆ ಇಲ್ಲ, ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಉಂಟು. ಮನೆಗೆಲಸಕ್ಕೆ ಇಟ್ಟುಕೊಂಡವರಿಗೆ ಇಲ್ಲ.

ಪುರಾವೆ ಒಂದೇ ಹಾಳೆ, ಫಾರಂ ಡಬ್ಲ್ಯೂ-11. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಎಂಬ ಷರತ್ತಿನ ಕೆಳಗೆ ನೌಕರ ಸಹಿ ಹಾಕುತ್ತಾನೆ. ಅದನ್ನು ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ಕಳಿಸುವಂತಿಲ್ಲ, ಕಡತದಲ್ಲಿ ಇಟ್ಟುಕೊಳ್ಳಬೇಕು.

ದಿನಾಂಕದಲ್ಲಿ ಒಂದು ತಿರುವಿದೆ. ಫೆಬ್ರವರಿ 4ರಂದು ಸೇರಿದವನೂ ಅರ್ಹ, ಆದರೆ ವಿನಾಯಿತಿ ಸಿಗುವುದು ಮಾರ್ಚ್ 19ರಿಂದ ಡಿಸೆಂಬರ್ 31ರವರೆಗೆ ಪಾವತಿಯಾದ ಸಂಬಳಕ್ಕೆ. ಸಂಬಳದ ತೆರಿಗೆಗೆ ಮಾಲೀಕ ಸಲ್ಲಿಸುವ ಮೊದಲ ತ್ರೈಮಾಸಿಕದ 941 ಫಾರಂನಲ್ಲಿ ಇದಕ್ಕೆ ಸಾಲೇ ಇರಲಿಲ್ಲ, ಹಾಗಾಗಿ ಮಾರ್ಚ್ 19ರಿಂದ 31ರವರೆಗಿನ ಪಾಲನ್ನು ಎರಡನೇ ತ್ರೈಮಾಸಿಕದ ಫಾರಂನಲ್ಲಿ ಕ್ರೆಡಿಟ್ ಆಗಿ ಪಡೆಯಬೇಕಿತ್ತು. ವರ್ಷದ ಕೊನೆಗೆ ನೌಕರನ ವಾರ್ಷಿಕ ಸಂಬಳ ಪತ್ರವಾದ ಡಬ್ಲ್ಯೂ-2ರ 12ನೇ ಚೌಕದಲ್ಲಿ 'ಸಿಸಿ' ಸಂಕೇತದೊಂದಿಗೆ ವಿನಾಯಿತಿ ಪಡೆದ ಸಂಬಳ ನಮೂದಿಸಬೇಕು. 941ರ ಮೊತ್ತಕ್ಕೂ ಇದಕ್ಕೂ ತಾಳೆಯಾಗದಿದ್ದರೆ ನೋಟಿಸ್ ಬರುತ್ತದೆ.

ಎರಡನೇ ಭಾಗ, ಉಳಿಸಿಕೊಂಡದ್ದಕ್ಕೆ ಬಹುಮಾನ. ಅದೇ ನೌಕರ ಸತತ 52 ವಾರ ಇದ್ದರೆ, ಕೊನೆಯ 26 ವಾರದ ಸಂಬಳ ಮೊದಲ 26 ವಾರದ್ದರ ಶೇ 80ಕ್ಕಿಂತ ಕಡಿಮೆಯಾಗದಿದ್ದರೆ, ಆ ಸಂಬಳದ ಶೇ 6.2 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದು ಆದಾಯ ತೆರಿಗೆಯಲ್ಲಿ ಕಳೆಯುತ್ತದೆ. ಫಾರಂ 5884-ಬಿ. ಸುಮಾರು 16,130 ಡಾಲರ್ ಸಂಬಳಕ್ಕೇ ಸಾವಿರ ಮುಟ್ಟುತ್ತದೆ.

ಒಂದು ಲೆಕ್ಕ ನೋಡಿ. ವರ್ಷಕ್ಕೆ 40,000 ಡಾಲರ್ ಸಂಬಳ, ಏಪ್ರಿಲ್ 1ಕ್ಕೆ ಸೇರಿದ್ದಾನೆ. ಡಿಸೆಂಬರ್‌ವರೆಗೆ 30,000. ಅದರ ಶೇ 6.2 ಎಂದರೆ 1,860. ಒಂದು ವರ್ಷ ಉಳಿದರೆ ಇನ್ನೊಂದು 1,000. ಒಟ್ಟು 2,860, ಮೊದಲ ವರ್ಷದ ಸಂಬಳದ ಶೇ 7ರಷ್ಟು. ಅದೇ ನೌಕರ ಡಿಸೆಂಬರ್‌ನಲ್ಲಿ ಸೇರಿದರೆ ಮೊದಲ ಭಾಗ 200 ಡಾಲರ್ ಚಿಲ್ಲರೆಗೆ ಇಳಿಯುತ್ತದೆ. ಬೇಗ ನೇಮಿಸು ಎಂಬ ಒತ್ತಡ ಹುಟ್ಟಿಸಲು ಬೇಕೆಂದೇ ಹಾಗೆ ಇಟ್ಟದ್ದು.

ಕಡಿಮೆ ಸಂಬಳದವರ ವಿಷಯದಲ್ಲಿ ಎಡವಿದವರು ಬಹಳ. ಕೆಲಸ ಸಿಗುವುದು ಕಷ್ಟವಾದ ಗುಂಪುಗಳವರ ನೇಮಕಕ್ಕೆ ಮೊದಲಿನಿಂದ ಇದ್ದ ಕೆಲಸದ ಅವಕಾಶ ಕ್ರೆಡಿಟ್ ಸಾಮಾನ್ಯವಾಗಿ 2,400 ಡಾಲರ್‌ವರೆಗೆ ಸಿಗುತ್ತಿತ್ತು. ಒಬ್ಬನೇ ನೌಕರನ ಅದೇ ಸಂಬಳಕ್ಕೆ ಎರಡೂ ಸಿಗುವುದಿಲ್ಲ. 15,000 ಡಾಲರ್ ಸಂಬಳಕ್ಕೆ ಶೇ 6.2 ಎಂದರೆ 930. ಸುಮ್ಮನಿದ್ದರೆ ವಿನಾಯಿತಿ ತಾನಾಗಿ ಅನ್ವಯಿಸಿ 2,400 ಕೈತಪ್ಪುತ್ತದೆ. ವಿನಾಯಿತಿ ಬೇಡವೆಂದು ಮಾಲೀಕನೇ ಆಯ್ಕೆ ಮಾಡಬೇಕು, ಜೊತೆಗೆ ಸೇರಿದ 28 ದಿನದೊಳಗೆ ಫಾರಂ 8850 ರಾಜ್ಯದ ಉದ್ಯೋಗ ಇಲಾಖೆಗೆ ಹೋಗಿರಬೇಕು.

ಪೇಡೆ_ನಗರ

ಆತು, ಮಾಲಕ ಕಟ್ಟಲಿಲ್ಲ ಅಂದ್ರ ಪಿಂಚಣಿ ನಿಧಿ ಖಾಲಿ ಆಗೂದಿಲ್ಲೇನು?

ಪೇರೋಲ್_ಪಟ್ಟಿ

ಇಲ್ಲ ಸರ್. ಮನ್ನಾ ಆದಷ್ಟನ್ನೂ ಸರ್ಕಾರದ ಸಾಮಾನ್ಯ ಖಜಾನೆಯಿಂದ ನಿಧಿಗೆ ತುಂಬಬೇಕೆಂದು ಕಾಯ್ದೆಯಲ್ಲೇ ಬರೆದಿದೆ. ನೌಕರನ ಮುಂದಿನ ಪಿಂಚಣಿ ಲೆಕ್ಕದಲ್ಲೂ ಆ ಸಂಬಳ ಪೂರ್ತಿ ಸೇರುತ್ತದೆ.

ಅಂಕಿಅಂಶ_ಅಜ್ಜಿ

ಫಾರಂ ವಿವರ ಚೆನ್ನಾಗಿದೆ. ಆದರೆ ಇದರಿಂದ ಹುಟ್ಟಿದ ಉದ್ಯೋಗ ಎಷ್ಟು ಎಂಬ ಪ್ರಶ್ನೆಗೆ ಯಾರೂ ಕೈಹಾಕಿಲ್ಲ.

ಆ ಮಂದಗತಿಯ ಕಾಲದಲ್ಲೂ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 40 ಲಕ್ಷ ನೇಮಕ ನಡೆಯುತ್ತಿತ್ತು. ಜನ ಬಿಡುತ್ತಾರೆ, ಬೇರೆಯವರು ಸೇರುತ್ತಾರೆ. ಹೈರ್ ಕಾಯ್ದೆ ಕೇಳಿದ್ದು ಒಂದೇ: ಹೊಸಬ 60 ದಿನ ನಿರುದ್ಯೋಗಿಯಾಗಿದ್ದನೇ? ಕಂಪನಿಯ ಒಟ್ಟು ಸಿಬ್ಬಂದಿ ಹೆಚ್ಚಿತೇ ಎಂದು ಕೇಳಲೇ ಇಲ್ಲ. ಅಂದಮೇಲೆ ಕಾಯ್ದೆ ಇಲ್ಲದಿದ್ದರೂ ಆಗುತ್ತಿದ್ದ ನೇಮಕಕ್ಕೂ ದುಡ್ಡು ಹೋಯಿತು. ಎಷ್ಟು ಜನ ಅರ್ಹರಾದರು ಎಂಬ ಸರ್ಕಾರಿ ಅಂಕಿಯನ್ನು ಸೃಷ್ಟಿಯಾದ ಉದ್ಯೋಗ ಎಂದು ಓದುವುದು ತಪ್ಪು.

ತಮಾಷೆ ಎಂದರೆ ಅಧ್ಯಕ್ಷರ ಮೂಲ ಪ್ರಸ್ತಾವದಲ್ಲಿ ಈ ಪ್ರಶ್ನೆ ಇತ್ತು. ಜನವರಿ ಕೊನೆಗೆ ಒಬಾಮಾ ಮುಂದಿಟ್ಟ 33 ಬಿಲಿಯನ್ ಯೋಜನೆ ಪ್ರತಿ *ನಿವ್ವಳ* ಹೊಸ ಉದ್ಯೋಗಕ್ಕೆ 5,000 ಡಾಲರ್ ಕೊಡುತ್ತಿತ್ತು, ಒಂದು ಸಂಸ್ಥೆಗೆ ಗರಿಷ್ಠ 5 ಲಕ್ಷ ಡಾಲರ್. ಸೆನೆಟ್ ಅದನ್ನು ಬಿಟ್ಟು ಶೂಮರ್–ಹ್ಯಾಚ್ ಮಾದರಿ ಹಿಡಿಯಿತು. 1977ರಲ್ಲಿ ಕಾರ್ಟರ್ ಕಾಲದ ಹೊಸ ಉದ್ಯೋಗ ಕ್ರೆಡಿಟ್‌ನಲ್ಲೂ ಹಿಂದಿನ ವರ್ಷದ ಸಂಬಳದ ಶೇ 102 ದಾಟಿದ ಮೇಲಷ್ಟೇ ಲಾಭ ಎಂಬ ಗೆರೆ ಇತ್ತು.

ಪೇರೋಲ್_ಪಟ್ಟಿ

ಅಜ್ಜಿ, ಆ ಗೆರೆಗೂ ಬೆಲೆ ಇದೆ. 1977ರ ಕ್ರೆಡಿಟ್ ಸಿಗುತ್ತಿದ್ದುದು ವರ್ಷ ಮುಗಿದು ರಿಟರ್ನ್ ಹಾಕುವಾಗ. ತನಗೆ ಕ್ರೆಡಿಟ್ ಬರುತ್ತೆ ಎಂದು ಎಷ್ಟೋ ಸಣ್ಣ ಸಂಸ್ಥೆಗಳಿಗೆ ಗೊತ್ತಾದದ್ದೇ ಲೆಕ್ಕಪರಿಶೋಧಕರು ಹೇಳಿದಾಗ. ನೇಮಕ ಮುಗಿದ ಮೇಲೆ ಸಿಗುವ ಬಹುಮಾನ ನೇಮಕದ ನಿರ್ಧಾರವನ್ನು ಬದಲಿಸುವುದಿಲ್ಲ. ಹೈರ್‌ನಲ್ಲಿ ಆ ವಾರದ ಸಂಬಳದಲ್ಲೇ ಹಣ ಕೈಯಲ್ಲಿ ಉಳಿಯುತ್ತಿತ್ತು. ಸಿಬ್ಬಂದಿ ಹೆಚ್ಚಿದರೆ ಮಾತ್ರ ಎಂದಿದ್ದರೆ ಕುಗ್ಗುತ್ತಿದ್ದ ಕಂಪನಿಗಳಿಗೆ ಏನೂ ಸಿಗುತ್ತಿರಲಿಲ್ಲ; 2010ರಲ್ಲಿ ಅಂಥವೂ ಬಹಳ ಇದ್ದವು.

ಅಂಕಿಅಂಶ_ಅಜ್ಜಿ

ಎರಡನ್ನೂ ಸೇರಿಸಬಹುದು ಎನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2025ರ ಆಗಸ್ಟ್ 1ರಿಂದ ಜಾರಿಯಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಉದ್ಯೋಗದಾತನಿಗೆ ಹೊಸ ನೌಕರನೊಬ್ಬನಿಗೆ ತಿಂಗಳಿಗೆ 3,000 ರೂಪಾಯಿವರೆಗೆ. ಆದರೆ 50ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಕನಿಷ್ಠ ಇಬ್ಬರು, 50 ಅಥವಾ ಹೆಚ್ಚಿದ್ದರೆ ಕನಿಷ್ಠ ಐವರು ಹೆಚ್ಚುವರಿ ಸೇರಬೇಕು, ಆರು ತಿಂಗಳು ಉಳಿಯಬೇಕು. ಪೀಣ್ಯದ 40 ಜನರ ವರ್ಕ್‌ಶಾಪ್ ಒಂದು, ಒಬ್ಬ ಹೋದ, ಒಬ್ಬ ಬಂದ ಎಂದರೆ ಸೊನ್ನೆ. ಪಿಎಫ್ ದಾಖಲೆ ತಿಂಗಳು ತಿಂಗಳು ಇರುವುದರಿಂದ ಈ ಗೆರೆ ಎಳೆಯಲು ಸಾಧ್ಯವಾಯಿತು.

ಗ್ಯಾಲರಿಯಿಂದ

ಹೆದ್ದಾರಿ ಭಾಗವನ್ನು ಎಲ್ಲರೂ ಹಾರಿಸಿಬಿಟ್ಟಿರಿ. ನನ್ನ ಪ್ರಕಾರ ಆ ಕಾಯ್ದೆಯಲ್ಲಿ ನಿಜಕ್ಕೂ ಕೆಲಸ ಉಳಿಸಿದ್ದು ಅದೇ. ಹೆದ್ದಾರಿ ಕಾರ್ಯಕ್ರಮದ ಮೂಲ ಕಾಯ್ದೆಯ ಅವಧಿ 2009ರ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು, ಆಮೇಲೆ ತಿಂಗಳಿಗೊಂದು ತಾತ್ಕಾಲಿಕ ತೇಪೆ. ಫೆಬ್ರವರಿ ಕೊನೆಗೆ ಸೆನೆಟರ್ ಜಿಮ್ ಬನ್ನಿಂಗ್ ಒಬ್ಬರೇ ಅಡ್ಡ ನಿಂತರು, ಮುಂದಿನ ತೇಪೆಯ 10 ಬಿಲಿಯನ್‌ಗೆ ಮೂಲ ತೋರಿಸಿ ಎಂದು. ಮಾರ್ಚ್ 1ರಂದು ಸಾರಿಗೆ ಇಲಾಖೆಯ ಸುಮಾರು 2,000 ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಗೆ ಕಳಿಸಿದರು, ಫೆಡರಲ್ ತಪಾಸಕರಿಲ್ಲದೆ ಕೆಲವು ಸೇತುವೆ ಕಾಮಗಾರಿಗಳು ನಿಂತವು. ಮರುದಿನ 78–19ರಲ್ಲಿ ಆ ತೇಪೆ ಪಾಸಾಯಿತು.

ರಾಜ್ಯವೊಂದು ಮೂರು ವರ್ಷದ ರಸ್ತೆ ಟೆಂಡರ್ ಕರೆಯಬೇಕಾದರೆ ಮುಂದಿನ ತಿಂಗಳು ಫೆಡರಲ್ ಪಾಲು ಬರುತ್ತೆ ಎಂಬ ಖಾತ್ರಿ ಬೇಕು. ಅದಿಲ್ಲದಿದ್ದರೆ ಡಾಂಬರು ತೇಪೆ ಕೆಲಸಕ್ಕಷ್ಟೇ ಟೆಂಡರ್ ಬರುತ್ತದೆ. ಹೈರ್ ಕಾಯ್ದೆ ಅವಧಿಯನ್ನು 2010ರ ಡಿಸೆಂಬರ್ 31ರವರೆಗೆ ಎಳೆದು, ಸಾಮಾನ್ಯ ಖಜಾನೆಯಿಂದ 19.5 ಬಿಲಿಯನ್ ಡಾಲರ್ ನಿಧಿಗೆ ವರ್ಗಾಯಿಸಿತು. ಭಾಷಣಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಮಿಲ್ಪಿಟಾಸ್_ಮಲೆನಾಡು

ಈಗ 'ದುಡ್ಡು ಬಂದದ್ದು ಎಲ್ಲಿಂದ' ಎಂಬ ಭಾಗ. ಈ ವೇದಿಕೆಯ ಅರ್ಧ ಜನಕ್ಕೆ ಹೈರ್ ಕಾಯ್ದೆ ತಟ್ಟಿರುವುದು ಇಲ್ಲೇ, ಹೆಸರು ಗೊತ್ತಿಲ್ಲದೆ.

ಹೆದ್ದಾರಿ ವರ್ಗಾವಣೆ ಬಿಟ್ಟು ಕಾಯ್ದೆಯ ವೆಚ್ಚ ಸುಮಾರು 17.6 ಬಿಲಿಯನ್. ಅದನ್ನು ತುಂಬಲು ಎರಡು ಮೂಲ ತೋರಿಸಿದರು. ಒಂದು ಪಕ್ಕಾ ವಾಷಿಂಗ್ಟನ್ ಸರಕು. ಬಹುರಾಷ್ಟ್ರೀಯ ಕಂಪನಿಗಳು ಬಡ್ಡಿ ಖರ್ಚನ್ನು ಜಾಗತಿಕವಾಗಿ ಹಂಚಿ ಲೆಕ್ಕ ಹಾಕಬಹುದು ಎಂಬ ರಿಯಾಯಿತಿಯನ್ನು 2004ರಲ್ಲೇ ಕೊಟ್ಟಿದ್ದರು, ಜಾರಿ ಮಾತ್ರ 2009ರಿಂದ ಎಂದಿತ್ತು. 2008ರಲ್ಲಿ ಮುಂದೂಡಿದರು, 2009ರಲ್ಲಿ ಮತ್ತೆ, ಹೈರ್‌ನಲ್ಲಿ 2021ರವರೆಗೆ. ಪ್ರತಿ ಸಲ ಮುಂದೂಡಿದಾಗಲೂ ಅಷ್ಟು ಹಣ ಉಳಿಯಿತು ಎಂದು ಹೊಸ ಖರ್ಚಿಗೆ ಲೆಕ್ಕ ತೋರಿಸಿದರು. 2021ರಲ್ಲಿ ಒಂದು ದಿನವೂ ಜಾರಿಯಾಗದೆ ರದ್ದಾಯಿತು! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಎರಡನೆಯದು ಫ್ಯಾಟ್ಕಾ, ಅಮೆರಿಕದವರ ವಿದೇಶಿ ಖಾತೆಗಳನ್ನು ವರದಿ ಮಾಡಿಸುವ ಕಾನೂನು. ಸ್ವಿಸ್ ಬ್ಯಾಂಕ್ ಯುಬಿಎಸ್ 2009ರಲ್ಲಿ 780 ಮಿಲಿಯನ್ ಡಾಲರ್ ದಂಡ ತೆತ್ತ ಪ್ರಕರಣದ ಮೇಲೆ, ಆ ವರ್ಷ ಅಕ್ಟೋಬರ್‌ನಲ್ಲಿ ಬಾಕಸ್ ಮತ್ತು ಪ್ರತಿನಿಧಿ ಸಭೆಯ ರ‍್ಯಾಂಗೆಲ್ ಪ್ರತ್ಯೇಕ ಮಸೂದೆಯಾಗಿ ತಂದದ್ದು. ಹತ್ತು ವರ್ಷಕ್ಕೆ 8.7 ಬಿಲಿಯನ್ ಬರುತ್ತದೆ ಎಂಬ ಅಂದಾಜು ಇತ್ತು, ಉದ್ಯೋಗ ಮಸೂದೆಗೆ ಅದನ್ನು ಹೊಲಿದರು. ಹೊರದೇಶದ ಖಾತೆ ಬಚ್ಚಿಟ್ಟವರ ಪರ ಸದನದಲ್ಲಿ ಯಾರು ಮಾತಾಡುತ್ತಾರೆ? ಒಪ್ಪಿಗೆ ಸುಲಭವಾದದ್ದು ಇದರಿಂದಲೇ. ಬಿಲ್ ಕಟ್ಟುವವರು ಮೇಜಿನ ಸುತ್ತ ಇರಲಿಲ್ಲ. ತೆರಿಗೆ ವಿನಾಯಿತಿ ಒಂಬತ್ತೂವರೆ ತಿಂಗಳಲ್ಲಿ ಮುಗಿಯಿತು, ಫ್ಯಾಟ್ಕಾ ಇವತ್ತಿಗೂ ಇದೆ.

ಕೆಲಸ ಮಾಡುವ ರೀತಿ: ವಿದೇಶಿ ಬ್ಯಾಂಕ್ ತನ್ನಲ್ಲಿರುವ ಅಮೆರಿಕ ತೆರಿಗೆದಾರರ ಖಾತೆಗಳನ್ನು ತಿಳಿಸಬೇಕು, ಇಲ್ಲವಾದರೆ ಅಮೆರಿಕದಿಂದ ಅದಕ್ಕೆ ಬರುವ ಬಡ್ಡಿ, ಡಿವಿಡೆಂಡ್‌ಗಳಲ್ಲಿ ಶೇ 30 ಕಡಿತ. ಕಡಿತ 2014ರ ಜುಲೈ 1ರಿಂದ ಶುರುವಾಯಿತು. ಭಾರತ 2015ರ ಜುಲೈ 9ರಂದು ಒಪ್ಪಂದಕ್ಕೆ ಸಹಿ ಹಾಕಿತು, ಆಗಸ್ಟ್ 31ಕ್ಕೆ ಜಾರಿ. ಆಮೇಲೆ ನಿಮ್ಮ ಬ್ಯಾಂಕ್, ಮ್ಯೂಚುವಲ್ ಫಂಡ್, ವಿಮಾ ಕಂಪನಿ ಎಲ್ಲವೂ 'ಬೇರೆ ದೇಶದ ತೆರಿಗೆ ನಿವಾಸಿಯೇ?' ಎಂಬ ಸ್ವಘೋಷಣೆ ಕೇಳತೊಡಗಿದವು. ಬ್ಯಾಂಕ್ ಮೇ 31ರೊಳಗೆ ಫಾರಂ 61ಬಿಯಲ್ಲಿ ನಮ್ಮ ಆದಾಯ ತೆರಿಗೆ ಇಲಾಖೆಗೆ ಕೊಡುತ್ತದೆ, ಅದು ಸೆಪ್ಟೆಂಬರ್ ಕೊನೆಯೊಳಗೆ ಅಮೆರಿಕಕ್ಕೆ ಹೋಗುತ್ತದೆ. 2014ರ ಜುಲೈ ಮತ್ತು 2015ರ ಆಗಸ್ಟ್ ನಡುವೆ ತೆರೆದ ಖಾತೆಗಳಿಗೆ 2017ರ ಏಪ್ರಿಲ್ 30ರೊಳಗೆ ಘೋಷಣೆ ಕೊಡದವರ ವಹಿವಾಟು ತಡೆಹಿಡಿಯುವ ಆದೇಶವೂ ಇತ್ತು.

ನಿಮ್ಮ ಕಡೆಯಿಂದ ಫಾರಂ 8938, ಅಂದರೆ ವಿದೇಶಿ ಹಣಕಾಸು ಆಸ್ತಿಗಳ ವರದಿ. ಅಮೆರಿಕದಲ್ಲೇ ಇರುವ ಒಂಟಿ ತೆರಿಗೆದಾರನಾದರೆ ವರ್ಷದ ಕೊನೆಯ ದಿನ 50,000 ಡಾಲರ್ ಅಥವಾ ವರ್ಷದ ಯಾವುದೇ ದಿನ 75,000 ದಾಟಿದರೆ. ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 1,00,000 ಮತ್ತು 1,50,000. ಕೊಡದಿದ್ದರೆ ದಂಡ 10,000 ಡಾಲರ್‌ನಿಂದ ಶುರು.

ತಪ್ಪುವುದು ಎಲ್ಲಿ ಎಂದರೆ:

8938 ಕೊಟ್ಟರೆ ಎಫ್‌ಬಾರ್ (ವಿದೇಶಿ ಖಾತೆಗಳ ಪ್ರತ್ಯೇಕ ವರದಿ) ಬೇಡ ಅಂದುಕೊಳ್ಳುವುದು. ಅದು 1970ರ ಬೇರೆ ಕಾನೂನು, ಬೇರೆ ಇಲಾಖೆ. ಎಲ್ಲ ಖಾತೆ ಸೇರಿ ವರ್ಷದ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಕೊಡಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಸೇರುತ್ತದೆ, ಒಂದು ರೂಪಾಯಿ ನಿಮ್ಮದಲ್ಲದಿದ್ದರೂ.

ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅದಕ್ಕೇ ಅಲ್ಲೂ ತೋರಿಸಬೇಕಿಲ್ಲ ಎಂಬುದು. ತೋರಿಸಬೇಕು, ತೆರಿಗೆಯೂ ಕಟ್ಟಬೇಕು.

ಭಾರತದ ಮ್ಯೂಚುವಲ್ ಫಂಡ್. ಅಮೆರಿಕದ ಕಣ್ಣಲ್ಲಿ ಅದು ಪಿಎಫ್‌ಐಸಿ, ಅಂದರೆ ವಿದೇಶಿ ಹೂಡಿಕೆ ಕಂಪನಿ. ವರ್ಷವರ್ಷ ವರದಿ ಮಾಡಬೇಕೆಂಬ ನಿಯಮ ಬಂದದ್ದೂ ಇದೇ ಹೈರ್ ಕಾಯ್ದೆಯ ಒಳಗಿನಿಂದ. ಫಾರಂ 8621, ಒಂದೊಂದು ಸ್ಕೀಮಿಗೂ ಒಂದೊಂದು. ಒಟ್ಟು 25,000 ಡಾಲರ್ ಒಳಗಿದ್ದು (ಜಂಟಿಯಾದರೆ 50,000) ಆ ವರ್ಷ ಮಾರಾಟದ ಲಾಭ, ಭಾರಿ ಹಂಚಿಕೆ ಏನೂ ಇಲ್ಲದಿದ್ದರೆ ರಿಯಾಯಿತಿ ಉಂಟು. 500 ರೂಪಾಯಿಯ ಆರು ಎಸ್‌ಐಪಿ ಇಟ್ಟುಕೊಂಡವರಿಗೆ ಫಾರಂ ತುಂಬಿಸುವ ಖರ್ಚೇ ಹೂಡಿಕೆ ಮೀರುತ್ತದೆ. ಕೆಲವು ಫಂಡ್ ಸಂಸ್ಥೆಗಳು ಅಮೆರಿಕ, ಕೆನಡಾದವರ ಹಣವೇ ಬೇಡವೆಂದದ್ದು ಈ ತಲೆನೋವಿಗೆ.

ಕಾಯ್ದೆಕಟ್ಟಳೆ

ಒಳ್ಳೇ ವಿವರ. ಬಿಲ್ ಕಟ್ಟುವವರು ಮೇಜಿನ ಸುತ್ತ ಇಲ್ಲದಿದ್ದರೆ ಒಪ್ಪಿಗೆ ಸುಲಭ ಎಂಬ ಇದೇ ಸೂತ್ರ ಆಮೇಲಿನ ಪ್ರಯತ್ನಗಳಿಗೂ ಹೊಂದುತ್ತದೆಯೇ ಎಂದು ನೋಡಿದೆ, ಹೊಂದುತ್ತದೆ. 2011ರ ಸೆಪ್ಟೆಂಬರ್ 8ರಂದು ಒಬಾಮಾ ಜಂಟಿ ಅಧಿವೇಶನದಲ್ಲಿ 447 ಬಿಲಿಯನ್ ಡಾಲರ್‌ಗಳ ಅಮೆರಿಕನ್ ಜಾಬ್ಸ್ ಆ್ಯಕ್ಟ್ ಇಟ್ಟರು. ಒಳಗಿದ್ದ ಎಷ್ಟೋ ಅಂಶಗಳಿಗೆ ಹಿಂದೆ ರಿಪಬ್ಲಿಕನ್ನರೂ ಮತ ಹಾಕಿದ್ದರು. ಆದರೆ ದುಡ್ಡಿನ ಮೂಲವಾಗಿ ಸೆನೆಟ್ ಡೆಮಾಕ್ರಟರು ಹತ್ತು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ 5.6 ಹೆಚ್ಚುವರಿ ತೆರಿಗೆ ಇಟ್ಟರು. ಆ ಬಿಲ್ ಕಟ್ಟುವವರ ಪರ ಮಾತಾಡಲು ಮೇಜಿನ ಸುತ್ತ ಬೇಕಾದಷ್ಟು ಜನ ಇದ್ದರು. ಅಕ್ಟೋಬರ್ 11ರಂದು 60 ಸಿಗದೆ ಬಿತ್ತು. ಶಿಕ್ಷಕರ ಭಾಗ, ರಸ್ತೆ ಭಾಗ ಬಿಡಿಬಿಡಿಯಾಗಿ ತಂದರೂ ಬಿದ್ದವು. ಪಾಸಾದದ್ದು ನಿವೃತ್ತ ಸೈನಿಕರನ್ನು ನೇಮಿಸಿದರೆ 9,600 ಡಾಲರ್‌ವರೆಗೆ ಕ್ರೆಡಿಟ್ ಕೊಡುವ ತುಂಡು. ಸೆನೆಟ್‌ನಲ್ಲಿ 95–0, ಹೌಸ್‌ನಲ್ಲಿ 422–0.

2012ರ ಏಪ್ರಿಲ್ 5ರಂದು ಸಹಿಯಾದ ಜಾಬ್ಸ್ ಆ್ಯಕ್ಟ್‌ಗೆ ಖಜಾನೆಯ ದುಡ್ಡೇ ಬೇಕಿರಲಿಲ್ಲ. ಷೇರು ಮಾರುಕಟ್ಟೆಯ ನಿಯಮ ಸಡಿಲಿಕೆ, ಅಷ್ಟೇ. ಹೌಸ್‌ನಲ್ಲಿ 390–23. ಹೆಸರು ಜಾಬ್ಸ್, ಒಳಗೆ ಉದ್ಯೋಗದ ಮಾತು ಹುಡುಕಿದರೂ ಕಡಿಮೆ.

2021ರ ಮೂಲಸೌಕರ್ಯ ಕಾಯ್ದೆ ಸೆನೆಟ್‌ನಲ್ಲಿ 69–30. ಅದರ ಆದಾಯಮೂಲಗಳಲ್ಲೊಂದು ಕ್ರಿಪ್ಟೊ ದಲ್ಲಾಳಿಗಳು ವಹಿವಾಟು ವರದಿ ಮಾಡಬೇಕೆಂಬ ನಿಯಮ, ಅಂದಾಜು 28 ಬಿಲಿಯನ್. ಕ್ರಿಪ್ಟೊದವರು ಎಚ್ಚೆತ್ತು ಕೂಗು ಹಾಕುವಷ್ಟರಲ್ಲಿ ಪಠ್ಯ ಮೇಜಿನ ಮೇಲಿತ್ತು.

ಅಂಕಿಅಂಶ_ಅಜ್ಜಿ

ಒಂದು ಅಪವಾದ ಸೇರಿಸಿ. 2010ರ ಸೆಪ್ಟೆಂಬರ್‌ನ ಸಣ್ಣ ಉದ್ದಿಮೆ ಕಾಯ್ದೆ ಇಬ್ಬರೇ ರಿಪಬ್ಲಿಕನ್ನರ (ವೊಯ್ನೋವಿಚ್, ಲೆಮ್ಯೂ) ಬಲದಲ್ಲಿ 61–38ಕ್ಕೆ ದಾಟಿತು. ಸಣ್ಣ ಬ್ಯಾಂಕುಗಳಿಗೆ ಸಾಲ ಕೊಡಲು 30 ಬಿಲಿಯನ್ ಇಟ್ಟರು, ಹೋದದ್ದು 332 ಸಂಸ್ಥೆಗಳಿಗೆ ಸುಮಾರು 4 ಬಿಲಿಯನ್. ಬ್ಯಾಂಕ್ ಬಳಿ ದುಡ್ಡಿಲ್ಲ ಎಂಬುದು ಸಮಸ್ಯೆಯಾಗಿರಲಿಲ್ಲ, ಸಾಲ ಕೇಳಲು ಬರುವವರಿಗೆ ಆರ್ಡರ್ ಇರಲಿಲ್ಲ.

ಪೇಡೆ_ನಗರ

ಮಿಲ್ಪಿಟಾಸ್ ಅವರ, ಕಡೀ ಪ್ರಶ್ನೆ. ಗ್ರೀನ್ ಕಾರ್ಡ್ ಇದ್ದವ್ರ ಹೆಸರ್ಲೆ ಊರಾಗ ಹೊಲ ಐತಿ, ಎಲ್‌ಐಸಿ ಪಾಲಿಸಿ ಐತಿ, ಹಳೇ ಪಿಎಫ್ ಐತಿ. ಯಾವುದು ತೋರಿಸಬೇಕ್ರಿ?

ಮಿಲ್ಪಿಟಾಸ್_ಮಲೆನಾಡು

ಸ್ವಂತ ಹೆಸರಿನಲ್ಲಿ ನೇರವಾಗಿ ಇರುವ ಹೊಲ, ತೋಟ, ಮನೆ 8938ರಲ್ಲಿ ಬರುವುದಿಲ್ಲ. ಕೈಯಲ್ಲಿರುವ ಚಿನ್ನವೂ ಬರುವುದಿಲ್ಲ. ಹೊಲದ ಗುತ್ತಿಗೆ ಹಣ ಮಾತ್ರ ಆದಾಯವಾಗಿ ಅಮೆರಿಕದ ತೆರಿಗೆ ರಿಟರ್ನ್ ಫಾರಂ 1040ರಲ್ಲಿ ಹೋಗಬೇಕು, ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ. ಸರೆಂಡರ್ ಮೌಲ್ಯ ಇರುವ ಎಲ್‌ಐಸಿ ಪಾಲಿಸಿ ಸೇರುತ್ತದೆ, ಆ ಮೌಲ್ಯವನ್ನು ಶಾಖೆಯಿಂದ ಡಿಸೆಂಬರ್ 31ರ ದಿನಾಂಕಕ್ಕೆ ಬರೆಸಿಕೊಳ್ಳಿ. ಪಿಎಫ್ ಬಾಕಿಯೂ ಸೇರಿಸಿ. ಪಾಸ್‌ಬುಕ್ ಮಾರ್ಚ್ ಕೊನೆಯ ಬಡ್ಡಿ ತೋರಿಸುತ್ತದೆ, ನಿಮಗೆ ಬೇಕಾದದ್ದು ಡಿಸೆಂಬರ್‌ದು. ರೂಪಾಯಿಯನ್ನು ಡಾಲರ್‌ಗೆ ಬದಲಿಸಲು ಅಮೆರಿಕದ ಖಜಾನೆ ಇಲಾಖೆ ಪ್ರಕಟಿಸುವ ಡಿಸೆಂಬರ್ 31ರ ದರ ಹಿಡಿಯಿರಿ, ಬ್ಯಾಂಕಿನ ಕೌಂಟರ್ ದರ ಬೇಡ. ಎಲ್ಲ ಕೂಡಿಸಿ ಮಿತಿಯೊಳಗೆ ಬಂದರೂ 10,000 ದಾಟಿದ್ದರೆ ಎಫ್‌ಬಾರ್ ಏಪ್ರಿಲ್ 15ಕ್ಕೆ ಹಾಕಬೇಕು. ತಪ್ಪಿದರೆ ಅಕ್ಟೋಬರ್ 15ರವರೆಗೆ ತಾನಾಗಿ ಗಡುವು ಸಿಗುತ್ತದೆ, ಅರ್ಜಿ ಬೇಕಿಲ್ಲ.